ಐದು ಸೆಕೆಂಡಿನ ಲಗಾಮು: ಜಾಹೀರಾತಿನ ಆರಂಭದಲ್ಲಿ ಚಲನೆಯ ಚರಿತ್ರೆ

ಇಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇರುವ ಜಾಗ 1878ರಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಎಂಬ ರೈಲ್ವೆ ಧಣಿಯ ಕುದುರೆ ಫಾರ್ಮು. ಆ ವರ್ಷದ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಅಲ್ಲಿನ ಓಟದ ಹಾದಿಯ ಪಕ್ಕದಲ್ಲಿ ಸಾಲಾಗಿ ಕ್ಯಾಮೆರಾಗಳನ್ನು ಇಟ್ಟು, ದಾರಿಗೆ ಅಡ್ಡವಾಗಿ ಎಳೆಗಳನ್ನು ಕಟ್ಟಿ, ಓಡುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದ. ನಾಗಾಲೋಟದಲ್ಲಿ ಒಂದು ಕ್ಷಣ ಕುದುರೆಯ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುತ್ತವೆ ಎಂಬುದು ಅಂದು ಸಾಬೀತಾಯಿತು. ಸ್ಟ್ಯಾನ್‌ಫರ್ಡ್ ಇದಕ್ಕಾಗಿ ದೊಡ್ಡ ಬಾಜಿ ಕಟ್ಟಿದ್ದನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದಕ್ಕೆ ಆಧಾರವೇನೂ ಇಲ್ಲ. ಆಧಾರವಿರುವುದು ಇಷ್ಟಕ್ಕೆ: ಮುಂದಿನ ವರ್ಷ ಮೈಬ್ರಿಜ್ ಆ ಚಿತ್ರಗಳ ನೆರಳನ್ನು ಗಾಜಿನ ತಟ್ಟೆಯ ಮೇಲೆ ಬರೆಸಿ, ತಿರುಗಿಸಿ, ಗೋಡೆಯ ಮೇಲೆ ಕುದುರೆಯನ್ನು ಮತ್ತೆ ಓಡಿಸಿದ. ನೋಡಿದವರು ಕಣ್ಣು ಕೀಳಲಿಲ್ಲ.

ಆ ಫಾರ್ಮಿನಿಂದ ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆಯ ದಾರಿ ಸ್ಯಾನ್ ಬ್ರೂನೊ. ಅಲ್ಲಿ ಯೂಟ್ಯೂಬಿನ ಮುಖ್ಯ ಕಚೇರಿ ಇದೆ. ನಡುವೆ ಮೆನ್ಲೊ ಪಾರ್ಕಿನಲ್ಲಿ ಫೇಸ್‌ಬುಕ್ ಇದೆ. ಅದೇ ಕುದುರೆಯನ್ನು ಐದೇ ಸೆಕೆಂಡಿನಲ್ಲಿ ಓಡಿಸಿ, ನೋಡುವವನ ಹೆಬ್ಬೆರಳನ್ನು ತಡೆದು ನಿಲ್ಲಿಸುವುದು ಹೇಗೆ ಎಂದು ಲೆಕ್ಕ ಹಾಕುವ ಕೆಲಸ ಈ ಎರಡು ಊರುಗಳ ಆಸುಪಾಸಿನಲ್ಲಿ ಹಗಲಿರುಳು ನಡೆಯುತ್ತದೆ. ನಮ್ಮ ಕೂಟದ ಎಷ್ಟೋ ಮನೆಗಳ ಅನ್ನವೂ ಆ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ ಈ ವಿಷಯ ನಮಗೆ ದೂರದ್ದಲ್ಲ. ವೀಡಿಯೊ ಜಾಹೀರಾತಿನ ಮೊದಲ ಕ್ಷಣಗಳಲ್ಲಿ ಚಲನೆಯನ್ನು ಗಾಳದಂತೆ ಬಳಸುವ ಪದ್ಧತಿ ಯಾವಾಗ ಹುಟ್ಟಿತು, ಯಾಕೆ ಇಷ್ಟು ಬಿರುಸಾಯಿತು ಎಂಬುದನ್ನು ಇಲ್ಲಿ ನೋಡೋಣ.

ಮೊದಲ ಉದಾಹರಣೆ ಸಿಗುವುದು 1897ರಲ್ಲಿ. ಎಡಿಸನ್ ಕಂಪನಿ 'ಅಡ್ಮಿರಲ್' ಎಂಬ ಸಿಗರೇಟಿಗಾಗಿ ಒಂದು ಪುಟ್ಟ ಚಿತ್ರ ತೆಗೆಯಿತು. ಅರ್ಧ ನಿಮಿಷದಷ್ಟೂ ಇಲ್ಲ. ಹಿಂದೆ ಸಿಗರೇಟಿನ ಹೆಸರು ಬರೆದ ದೊಡ್ಡ ಪರದೆ, ಮುಂದೆ ಸಾಲಾಗಿ ಕುಳಿತ ನಾಲ್ವರು: ಅಂಕಲ್ ಸ್ಯಾಮ್, ಒಬ್ಬ ಪಾದ್ರಿ, ಒಬ್ಬ ಅಮೆರಿಕನ್ ಮೂಲನಿವಾಸಿ, ಒಬ್ಬ ವ್ಯಾಪಾರಿ, ಎಲ್ಲವೂ ವೇಷಗಳೇ. ಪಕ್ಕದಲ್ಲಿ ದೊಡ್ಡದೊಂದು ಸಿಗರೇಟು ಡಬ್ಬಿ. ಮೊದಲ ಕೆಲವು ಕ್ಷಣ ಇದು ಸ್ಥಿರಚಿತ್ರವೇ ಇರಬೇಕು ಎನಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಡಬ್ಬಿ ಒಡೆದು ಅದರೊಳಗಿಂದ ವೇಷ ತೊಟ್ಟ ಹುಡುಗಿಯೊಬ್ಬಳು ಹೊರಬಂದು ಸಿಗರೇಟು ಹಂಚುತ್ತಾಳೆ. ಕೊನೆಗೆ ಎಲ್ಲರೂ ಸೇರಿ ಒಂದು ಬ್ಯಾನರು ಬಿಚ್ಚುತ್ತಾರೆ. ಸಿನಿಮಾ ಎಂಬುದು ಹುಟ್ಟಿ ಎರಡು ಮೂರು ವರ್ಷವೂ ಆಗಿರಲಿಲ್ಲ. ಆದರೂ ಮುಂದಿನ ನೂರಿಪ್ಪತ್ತು ವರ್ಷದ ಉಪಾಯ ಅದರಲ್ಲಿ ಆಗಲೇ ಇತ್ತು. ಸುಮ್ಮನೆ ಕುಳಿತವರ ನಡುವೆ ಒಂದು ವಸ್ತು ಹಠಾತ್ತನೆ ಅಲುಗಬೇಕು. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮುನ್ನ ಅಡ್ಡ ಹಿಡಿದ ತೆರೆ ಅಲುಗಾಡುವುದನ್ನು ನೋಡಿದವರಿಗೆ ಇದರ ಮರ್ಮ ವಿವರಿಸಬೇಕಾಗಿಲ್ಲ.

ಇದೇ ಕಾಲದಲ್ಲಿ ಬೀದಿಯಲ್ಲೂ ಜಾಹೀರಾತು ಅಲುಗಾಡಲು ಶುರುವಾಗಿತ್ತು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಓ. ಜೆ. ಗೂಡ್ ಎಂಬಾತ 1905ರಲ್ಲಿ ವಿದ್ಯುದ್ದೀಪಗಳಿಂದ ಒಬ್ಬ ಹುಡುಗಿಯನ್ನು ಮಾಡಿ ನಿಲ್ಲಿಸಿದ. ದೀಪಗಳು ಹೊತ್ತಿ ಆರುವ ಕ್ರಮದಿಂದ ಮಳೆ ಓರೆಯಾಗಿ ಸುರಿಯುತ್ತಿತ್ತು, ಗಾಳಿಗೆ ಅವಳ ಲಂಗ ಹಾರಾಡುತ್ತಿತ್ತು. ಮಾರುತ್ತಿದ್ದುದು ಒಳಲಂಗದ ಬಟ್ಟೆ. 1941ರಲ್ಲಿ ಡಗ್ಲಸ್ ಲೀ ಅದೇ ಚೌಕದಲ್ಲಿ ಕ್ಯಾಮೆಲ್ ಸಿಗರೇಟಿನ ದೊಡ್ಡ ಫಲಕ ಹಾಕಿದಾಗ, ಅದರಲ್ಲಿ ಚಿತ್ರಿಸಿದ್ದ ಮನುಷ್ಯನ ಬಾಯಿಂದ ನಾಲ್ಕು ಸೆಕೆಂಡಿಗೊಮ್ಮೆ ನಿಜವಾದ ಹೊಗೆಯುಂಗುರ ಹೊರಬರುತ್ತಿತ್ತು. ಹೊಗೆಯಲ್ಲ, ಹಬೆ. ಆ ಮನುಷ್ಯ 1966ರವರೆಗೆ ಉಸಿರೆಳೆಯದೆ ಊದುತ್ತಲೇ ಇದ್ದ. ನಿರಂತರವಾಗಿ ಹೊಗೆ ಬಿಟ್ಟಿದ್ದರೆ ಜನ ಎರಡನೆಯ ದಿನವೇ ಅದನ್ನು ಮರೆಯುತ್ತಿದ್ದರೇನೋ. ಉಂಗುರ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಈ ಬಿಡುವು ಮುಖ್ಯ.

ಯಾಕೆ ಮುಖ್ಯ ಎಂಬುದನ್ನು ತಿಳಿಯಲು ಸ್ವಲ್ಪ ಮನಶ್ಶಾಸ್ತ್ರದ ಕಡೆ ಹೋಗಬೇಕು. ನಾಯಿಗಳ ಜೊಲ್ಲಿನ ಪ್ರಯೋಗದಿಂದ ಹೆಸರಾದ ರಷ್ಯದ ಇವಾನ್ ಪಾವ್ಲೋವ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ. ಪ್ರಯೋಗಶಾಲೆಗೆ ಹೊಸಬರು ಯಾರಾದರೂ ಕಾಲಿಟ್ಟರೆ ನಾಯಿ ಕಲಿತದ್ದೆಲ್ಲ ಬಿಟ್ಟು ಆ ಕಡೆ ತಿರುಗುತ್ತಿತ್ತು. 'ಅದೇನದು?' ಎನ್ನುವ ಈ ಪ್ರತಿಕ್ರಿಯೆ ಪ್ರಾಣಿಯ ಜೀವ ಉಳಿಸುವಂಥದ್ದು. ಪೊದೆಯಲ್ಲಿ ಏನೋ ಅಲುಗಿದಾಗ ತಿರುಗಿ ನೋಡದ ಜಿಂಕೆಯ ವಂಶ ಬೆಳೆಯುವುದಿಲ್ಲ. ಮನುಷ್ಯನಲ್ಲೂ ಇದು ಹಾಗೆಯೇ ಉಳಿದಿದೆ. ತಲೆ ತಿರುಗುತ್ತದೆ, ಹೃದಯದ ಬಡಿತ ಕೆಲವು ಸೆಕೆಂಡು ನಿಧಾನವಾಗುತ್ತದೆ, ಮೈ ಸ್ತಬ್ಧವಾಗಿ ಕಣ್ಣು ಕಿವಿ ಚುರುಕಾಗುತ್ತವೆ. 1985ರಲ್ಲಿ ಬೈರನ್ ರೀವ್ಸ್ ಮತ್ತು ಸಂಗಡಿಗರು ಟೀವಿ ನೋಡುವವರ ತಲೆಗೆ ತಂತಿ ಹಚ್ಚಿ ಮೆದುಳಿನ ಆಲ್ಫಾ ಅಲೆಗಳನ್ನು ಅಳೆದು, ಪರದೆಯ ಮೇಲೆ ದೃಶ್ಯ ಬದಲಾದಾಗ, ಏನಾದರೂ ಚಲಿಸಿದಾಗ ಆ ಅಲೆಗಳು ಕುಸಿಯುವುದನ್ನು, ಅಂದರೆ ಮೆದುಳು ಎಚ್ಚೆತ್ತುಕೊಳ್ಳುವುದನ್ನು, ತೋರಿಸಿದರು. ರೀವ್ಸ್ ಮುಂದೆ ನಮ್ಮ ನೆರೆಯ ಸ್ಟ್ಯಾನ್‌ಫರ್ಡಿನಲ್ಲೇ ಪ್ರಾಧ್ಯಾಪಕರಾದರು. ಮೈಬ್ರಿಜ್‌ನ ಕುದುರೆ ಓಡಿದ ನೆಲದಲ್ಲೇ ಅದನ್ನು ನೋಡುವವನ ತಲೆಯ ಲೆಕ್ಕವೂ ಮುಂದುವರಿಯಿತು.

ಇದಕ್ಕಿಂತ ಸೂಕ್ಷ್ಮವಾದ ಶೋಧ 2003ರದ್ದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಏಬ್ರಮ್ಸ್ ಮತ್ತು ಶಾನ್ ಕ್ರೈಸ್ಟ್ ಎಂಬ ಇಬ್ಬರು, ಗಮನ ಸೆಳೆಯುವುದು ಚಲನೆಯಲ್ಲ, ಚಲನೆಯ ಆರಂಭ ಎಂದು ವಾದಿಸಿದರು. ಮೊದಲಿನಿಂದಲೂ ಚಲಿಸುತ್ತಲೇ ಇರುವ ವಸ್ತು ಕಣ್ಣನ್ನು ಅಷ್ಟಾಗಿ ಎಳೆಯುವುದಿಲ್ಲ. ನಿಂತಿದ್ದದ್ದು ಹೊರಟಾಗ ಎಳೆಯುತ್ತದೆ. ಇದನ್ನು ಎಲ್ಲ ವಿಜ್ಞಾನಿಗಳೂ ಹಾಗೆಯೇ ಒಪ್ಪಲಿಲ್ಲ. ನಮ್ಮ ಕಡೆಗೇ ನುಗ್ಗಿ ಬರುವ ವಸ್ತುವಿನ ಚಲನೆಗೆ ಬೇರೆಯೇ ಬಲವಿದೆ ಎಂದು ಅದೇ ವರ್ಷ ಬೇರೆಯವರು ತೋರಿಸಿದರು. ಆದರೂ ಜಾಹೀರಾತಿನ ಚರಿತ್ರೆಯನ್ನು ಈ ಒಂದು ಮಾತಿನ ಬೆಳಕಿನಲ್ಲಿ ಓದಿದರೆ ಎಷ್ಟೋ ವಿಷಯ ತಿಳಿಯಾಗುತ್ತದೆ. ಅಡ್ಮಿರಲ್ ಡಬ್ಬಿ ಒಡೆದದ್ದು, ಕ್ಯಾಮೆಲ್‌ನ ಉಂಗುರ ಬಿಟ್ಟು ಬಿಟ್ಟು ಬಂದದ್ದು, ಎರಡೂ ಆರಂಭಗಳೇ.

ಅಮೆರಿಕದಲ್ಲಿ ಕಾನೂನುಬದ್ಧವಾದ ಮೊದಲ ಟೀವಿ ಜಾಹೀರಾತು ಬಂದದ್ದು 1941ರ ಜುಲೈ 1ರಂದು, ನ್ಯೂಯಾರ್ಕಿನ ಡಬ್ಲ್ಯೂಎನ್‌ಬಿಟಿ ಕೇಂದ್ರದಿಂದ, ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬೇಸ್‌ಬಾಲ್ ಪಂದ್ಯಕ್ಕೆ ಮುಂಚೆ. ಬುಲೋವಾ ಗಡಿಯಾರದ ಕಂಪನಿ ಅದಕ್ಕೆ ಕೊಟ್ಟದ್ದು ಹತ್ತು ಡಾಲರಿಗಿಂತ ಕಡಿಮೆ. ಪರದೆಯ ಮೇಲೆ ಒಂದು ಗಡಿಯಾರದ ಮುಖ, ಅದರ ಮೇಲೆ ಸರಿಯುವ ಸೆಕೆಂಡಿನ ಮುಳ್ಳು, ಅಷ್ಟೇ ಚಲನೆ. ಬ್ರಿಟನ್ನಿನಲ್ಲಿ 1955ರ ಸೆಪ್ಟೆಂಬರ್ 22ರಂದು ಐಟಿವಿ ಶುರುವಾದ ರಾತ್ರಿ ಬಂದ ಮೊದಲ ಜಾಹೀರಾತು ಗಿಬ್ಸ್ ಎಸ್‌ಆರ್ ಎಂಬ ಟೂತ್‌ಪೇಸ್ಟಿನದು. ಮಂಜುಗಡ್ಡೆಯೊಳಗೆ ಕೂತ ಒಂದು ಟ್ಯೂಬು, ಅದರ ಸುತ್ತ ಹರಿಯುವ ನೀರು. ಇಂದಿನ ಕಣ್ಣಿಗೆ ಎರಡೂ ತೂಕಡಿಕೆ ಬರಿಸುವಷ್ಟು ನಿಧಾನ. ಆದರೆ ಅವು ನಿಧಾನವಾಗಿದ್ದುದು ಮಾಡಿದವರಿಗೆ ತಿಳಿವಳಿಕೆ ಇಲ್ಲದೆ ಅಲ್ಲ. ನೋಡುವವರು ಎಲ್ಲಿಗೂ ಹೋಗುವಂತಿರಲಿಲ್ಲ, ಹಾಗಾಗಿ ಅವಸರವಿರಲಿಲ್ಲ. ಚಾನೆಲ್ ಬದಲಿಸಬೇಕಾದರೆ ಎದ್ದು ಹೋಗಿ ಗುಂಡಿ ತಿರುಗಿಸಬೇಕು. ಮನುಷ್ಯನ ಸೋಮಾರಿತನವೇ ಅಂದಿನ ಜಾಹೀರಾತಿನ ಕಾವಲುಗಾರ.

ನನ್ನ ಮಟ್ಟಿಗೆ ಈ ಚರಿತ್ರೆಯ ಬೆನ್ನೆಲುಬು ಇದೇ. ಜಾಹೀರಾತಿನ ಆರಂಭ ಪ್ರತಿ ಸಲ ಬಿರುಸಾದದ್ದು ಹೊಸ ಕ್ಯಾಮೆರಾ ಬಂದಾಗ ಅಲ್ಲ, ನೋಡುಗನಿಗೆ ಎದ್ದು ಹೋಗುವ ಹೊಸ ದಾರಿ ಸಿಕ್ಕಾಗ. ಮೊದಲ ದಾರಿ ತೆರೆದವರು ಶಿಕಾಗೋದ ಜೆನಿತ್ ಕಂಪನಿಯವರು. ಅದರ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಟೀವಿ ಜಾಹೀರಾತು ಕಂಡರೆ ಆಗುತ್ತಿರಲಿಲ್ಲ. 1955ರಲ್ಲಿ ಅವರ ಎಂಜಿನಿಯರ್ ಯೂಜೀನ್ ಪಾಲಿ ಪಿಸ್ತೂಲಿನ ಆಕಾರದ 'ಫ್ಲ್ಯಾಶ್‌ಮ್ಯಾಟಿಕ್' ರಿಮೋಟ್ ಮಾಡಿದ. ಅದರ ಬೆಳಕನ್ನು ಪರದೆಯ ಮೂಲೆಗೆ ಬೀರಿದರೆ ಚಾನೆಲ್ ಬದಲಾಗುತ್ತಿತ್ತು, ಶಬ್ದ ನಿಲ್ಲುತ್ತಿತ್ತು. ಉದ್ದುದ್ದ ಜಾಹೀರಾತುಗಳ ಬಾಯಿ ಮುಚ್ಚಿಸಿ ಎಂದೇ ಅದನ್ನು ಮಾರಿದರು, ಮಾರಲು ಮತ್ತೆ ಜಾಹೀರಾತನ್ನೇ ಕೊಟ್ಟರು. ಮುಂದಿನ ವರ್ಷ ರಾಬರ್ಟ್ ಆಡ್ಲರ್ ಶಬ್ದಾತೀತ ಅಲೆಗಳ ರಿಮೋಟ್ ತಂದ. ಅಲ್ಲಿಂದ ಸೋಮಾರಿಯೂ ಕೂತಲ್ಲೇ ಬಿಡುಗಡೆ ಪಡೆಯಬಹುದಾಯಿತು.

ಭಾರತದಲ್ಲಿ ಈ ಬಿಡುಗಡೆ ಬಹಳ ತಡವಾಗಿ ಬಂತು. ಅದಕ್ಕೆ ಮುಂಚೆ ನಮ್ಮೂರ ಟಾಕೀಸುಗಳಲ್ಲಿ ಇದ್ದದ್ದು ಸ್ಲೈಡು. ಸೀರೆ ಅಂಗಡಿ, ಚಿನ್ನದ ಅಂಗಡಿ, ಹೋಟೆಲು, ಒಂದಾದ ಮೇಲೊಂದು ಬಣ್ಣದ ಗಾಜು ಬಂದು ಕೂರುತ್ತಿತ್ತು. ಒಮ್ಮೊಮ್ಮೆ ತಲೆಕೆಳಗಾಗಿಯೂ ಬರುತ್ತಿತ್ತು, ಆಗ ಮಾತ್ರ ಸಭಿಕರೆಲ್ಲ ಅದನ್ನು ಗಮನವಿಟ್ಟು ನೋಡುತ್ತಿದ್ದರು. ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ಪ್ರಾಯೋಜಕರ ಸ್ಲೈಡು ಬರುವಾಗ ಇಂದಿಗೂ ಯಾರೂ ತಲೆ ಎತ್ತುವುದಿಲ್ಲ ಎಂಬುದನ್ನು ಕಾರ್ಯಕಾರಿ ಸಮಿತಿ ಮನ್ನಿಸಬೇಕು. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಿಂದ. ಬಣ್ಣ ಬಂದದ್ದು 1982ರಲ್ಲಿ. ಚಾನೆಲು ಒಂದೇ ಆದ್ದರಿಂದ ರಿಮೋಟು ಇದ್ದರೂ ಹೋಗಲು ಬೇರೆ ಊರಿಲ್ಲ. ಹೀಗಾಗಿ ಆ ಕಾಲದ ಜಾಹೀರಾತಿಗೆ ಮೊದಲು ಹಾಡು, ಆಮೇಲೆ ಚಲನೆ. ನಿರ್ಮಾದ ಬಿಳಿ ಫ್ರಾಕಿನ ಹುಡುಗಿ ಗಿರ್ರನೆ ಸುತ್ತುವುದು ನಮ್ಮ ಕಣ್ಣಿಗಿಂತ ಕಿವಿಯಲ್ಲಿ ಹೆಚ್ಚು ಉಳಿದಿರುವುದಕ್ಕೆ ಕಾರಣ ಇದು. ಅಡುಗೆಮನೆಯಲ್ಲಿ ಇದ್ದವರನ್ನು ಹಾಡು ಕರೆಯುತ್ತಿತ್ತು.

ಇದಕ್ಕೆ ಹೊರತಾದದ್ದು ಲಿರಿಲ್. 1975ರಲ್ಲಿ ಮುಂಬಯಿಯ ಲಿಂಟಾಸ್ ಸಂಸ್ಥೆ, ಅಲೀಕ್ ಪದಮ್‌ಸೀ ಅವರ ನೇತೃತ್ವದಲ್ಲಿ, ಕ್ಯಾರನ್ ಲೂನೆಲ್ ಎಂಬ ತರುಣಿಯನ್ನು ಜಲಪಾತದ ಕೆಳಗೆ ನಿಲ್ಲಿಸಿ ಸಾಬೂನಿನ ಚಿತ್ರ ತೆಗೆಯಿತು. ಅದು ಮೊದಲು ಓಡಿದ್ದು ಸಿನಿಮಾ ಮಂದಿರಗಳಲ್ಲಿ. ಸ್ಲೈಡುಗಳ ಸಾಲಿನ ನಂತರ ಇಡೀ ಪರದೆಯ ತುಂಬ ನೀರು ಧುಮುಕಿದರೆ ಹೇಗಿರಬೇಡ! ಚಿತ್ರೀಕರಣ ನಡೆದ ಕೊಡೈಕೆನಾಲಿನ ಪಾಂಬಾರ್ ಜಲಪಾತವನ್ನು ಜನ ಇವತ್ತಿಗೂ ಲಿರಿಲ್ ಫಾಲ್ಸ್ ಎಂದೇ ಕರೆಯುತ್ತಾರೆ. ಒಂದು ಸಾಬೂನು ಒಂದು ನದಿಯ ಹೆಸರನ್ನು ತೊಳೆದುಹಾಕಿತು ಎಂದರೆ ಆ ಚಲನೆಯ ಬಲವನ್ನು ಊಹಿಸಿಕೊಳ್ಳಬಹುದು. ಅದರ ಯಶಸ್ಸಿಗೆ ಈಜುಡುಗೆಯೇ ಕಾರಣ ಎನ್ನುವವರೂ ಇದ್ದಾರೆ, ಅದನ್ನು ಪೂರ್ತಿ ತಳ್ಳಿಹಾಕಲಾಗದು.

ಮತ್ತೆ ಅಮೆರಿಕಕ್ಕೆ ಬರೋಣ. 1984ರ ಜನವರಿ 17ರಂದು ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ, ಮನೆಯಲ್ಲಿ ವಿಡಿಯೊ ರೆಕಾರ್ಡರ್ ಇಟ್ಟುಕೊಂಡು ಟೀವಿ ಕಾರ್ಯಕ್ರಮ ಮುದ್ರಿಸಿಕೊಂಡು ಆಮೇಲೆ ನೋಡುವುದು ತಪ್ಪಲ್ಲ ಎಂದು ತೀರ್ಪು ಕೊಟ್ಟಿತು. ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ವಿರುದ್ಧ ಯೂನಿವರ್ಸಲ್ ಸ್ಟುಡಿಯೋ ಹೂಡಿದ್ದ ಮೊಕದ್ದಮೆ ಅದು. ಮುದ್ರಿಸಿಕೊಂಡದ್ದನ್ನು ನೋಡುವಾಗ ಜಾಹೀರಾತನ್ನು ಫಾಸ್ಟ್ ಫಾರ್ವರ್ಡ್ ಮಾಡಿ ದಾಟಬಹುದಲ್ಲ! ಎರಡನೆಯ ದಾರಿ ಇದು. ಕಾಕತಾಳೀಯ ನೋಡಿ, ಆ ತೀರ್ಪು ಬಂದು ಐದೇ ದಿನಕ್ಕೆ, ಜನವರಿ 22ರ ಸೂಪರ್ ಬೌಲ್ ಪಂದ್ಯದ ನಡುವೆ, ಕ್ಯೂಪರ್ಟಿನೊದ ಆಪಲ್ ಕಂಪನಿ ಮೆಕಿಂತಾಶ್‌ಗಾಗಿ ಒಂದು ನಿಮಿಷದ ಚಿತ್ರ ತೋರಿಸಿತು. ರಿಡ್ಲಿ ಸ್ಕಾಟ್ ನಿರ್ದೇಶನ. ಬೋಳು ತಲೆಯ, ಬೂದು ಬಟ್ಟೆಯ ಗಂಡಸರು ಸುರಂಗದಲ್ಲಿ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಮಧ್ಯೆ ಒಂದು ಕ್ಷಣ ಕೆಂಪು ಚಡ್ಡಿಯ ತರುಣಿಯೊಬ್ಬಳು ಕೈಯಲ್ಲಿ ದೊಡ್ಡ ಸುತ್ತಿಗೆ ಹಿಡಿದು ಓಡಿಬರುವುದು ಕಾಣುತ್ತದೆ. ಮತ್ತೆ ಬೂದು, ಮತ್ತೆ ಅವಳು. ಕಂಪ್ಯೂಟರನ್ನು ಒಮ್ಮೆಯೂ ತೋರಿಸುವುದಿಲ್ಲ.

ಈ ಚಿತ್ರವನ್ನು ಹೊಗಳುವವರು ಸಾಮಾನ್ಯವಾಗಿ ಸುತ್ತಿಗೆಯನ್ನು, ಆರ್ವೆಲ್ಲನ ಕಾದಂಬರಿಯ ನೆನಪನ್ನು ಹೊಗಳುತ್ತಾರೆ. ನನಗೆ ಕಾಣುವ ಜಾಣ್ಮೆ ಬೇರೆ. ಸುರಂಗದ ಗಂಡಸರೂ ಚಲಿಸುತ್ತಿದ್ದಾರೆ, ಆದರೆ ಅವರದು ಯಂತ್ರದ ಚಲನೆ. ಏಕತಾನದ ಚಲನೆ ಕಣ್ಣಿಗೆ ನಿಶ್ಚಲತೆಯ ಹಾಗೆಯೇ ಕಾಣುತ್ತದೆ. ಆ ಹಿನ್ನೆಲೆಯನ್ನು ಮೊದಲು ಹಾಸಿಕೊಂಡದ್ದರಿಂದ ಒಬ್ಬಳ ಓಟ ಇಡೀ ಪರದೆಯನ್ನು ಒಡೆಯಿತು. ಎಂಬತ್ತೇಳು ವರ್ಷಗಳ ಹಿಂದಿನ ಸಿಗರೇಟು ಡಬ್ಬಿಯ ಹುಡುಗಿಗೂ ಇವಳಿಗೂ ನೇರ ನೆಂಟಸ್ತಿಕೆ ಇದೆ.

ಮೂರನೆಯ ದಾರಿಯನ್ನು ತೆರೆದದ್ದು ನಮ್ಮ ಕಣಿವೆಯದೇ ಟಿವೋ, 1999ರಲ್ಲಿ. ಟೇಪಿನ ಗೊಡವೆ ಇಲ್ಲ, ಗುಂಡಿ ಒತ್ತಿದರೆ ಜಾಹೀರಾತುಗಳು ಸರಸರನೆ ಓಡಿಹೋಗುತ್ತವೆ. ಜಾಹೀರಾತಿನವರು ಗಾಬರಿಯಾದರು. ಅವರ ಗಾಬರಿಯ ಒಂದು ತಮಾಷೆಯ ಫಲ 2006ರ ಕೆಎಫ್‌ಸಿ ಜಾಹೀರಾತು. ಅದರ ಒಂದೇ ಒಂದು ಫ್ರೇಮಿನಲ್ಲಿ ರಹಸ್ಯ ಸಂಕೇತ ಅಡಗಿಸಿಟ್ಟು, ಅದನ್ನು ಹುಡುಕಿದವರಿಗೆ ತಿನಿಸು ಪುಕ್ಕಟೆ ಎಂದರು. ಹುಡುಕಬೇಕಾದರೆ ಫಾಸ್ಟ್ ಫಾರ್ವರ್ಡ್ ಬಿಟ್ಟು ಒಂದೊಂದೇ ಫ್ರೇಮು ನಿಲ್ಲಿಸಿ ನೋಡಬೇಕು. ಹಾಯುವ ಯಂತ್ರವನ್ನೇ ನಿಲ್ಲುವ ಯಂತ್ರವಾಗಿ ಮಾಡುವ ಹುನ್ನಾರ!

ಭಾರತದಲ್ಲಿ ಉಪಗ್ರಹ ಚಾನೆಲುಗಳು ತುಂಬಿದ ಮೇಲೆ ಅಲ್ಲೂ ರಿಮೋಟಿಗೆ ಕೆಲಸ ಬಂತು, ಜಾಹೀರಾತಿನ ಚಲನೆಯೂ ಬದಲಾಯಿತು. ಇಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಪ್ರಕಾಶ್ ವರ್ಮ ಮತ್ತು ಸ್ನೇಹಾ ಐಪ್ ನಡೆಸುವ ನಿರ್ವಾಣ ಫಿಲ್ಮ್ಸ್ ಎಂಬ ಬೆಂಗಳೂರಿನ ಸಂಸ್ಥೆ 2003ರಲ್ಲಿ ಹಚ್ ಮೊಬೈಲಿಗಾಗಿ ಒಂದು ಚಿತ್ರ ತೆಗೆಯಿತು. ಒಬ್ಬ ಪುಟ್ಟ ಹುಡುಗ ಹೋದಲ್ಲೆಲ್ಲ ಒಂದು ಪಗ್ ನಾಯಿ ಹಿಂಬಾಲಿಸುತ್ತದೆ. ಮಾತಿಲ್ಲ. ಹುಡುಗ ನಡೆದರೆ ನಾಯಿ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಮೊಬೈಲ್ ನೆಟ್‌ವರ್ಕು ನಿಮ್ಮ ಜೊತೆಗೇ ಬರುತ್ತದೆ ಎಂಬ ಕಣ್ಣಿಗೆ ಕಾಣದ ಸಂಗತಿಯನ್ನು ನಾಲ್ಕು ಗಿಡ್ಡ ಕಾಲುಗಳ ನಡಿಗೆಯಾಗಿ ತೋರಿಸಿದ್ದರು. ಅಮೆರಿಕದ ಜಾಹೀರಾತು ಆಗ ವೇಗದ ಕಡೆ ವಾಲುತ್ತಿದ್ದಾಗ ಇದು ನಡಿಗೆಯ ವೇಗದಲ್ಲೇ ಗೆದ್ದಿತು. ಇಲ್ಲಿ ಚಲನೆ ಬರಿಯ ಗಾಳವಲ್ಲ, ಹೇಳಬೇಕಾದ ವಿಷಯವೇ ಚಲನೆಯ ರೂಪದಲ್ಲಿದೆ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವ ಆರಂಭ ಇದು.

ಅದೇ ಸಂಸ್ಥೆ 2009ರಲ್ಲಿ ವೊಡಾಫೋನಿಗಾಗಿ ಜೂಜೂಗಳನ್ನು ಮಾಡಿತು. ಆ ವರ್ಷ ಚುನಾವಣೆಯ ಕಾರಣ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಪಂದ್ಯಗಳು ನಡೆದಷ್ಟು ದಿನವೂ ಹೊಸ ಹೊಸ ಜೂಜೂ ಚಿತ್ರ ಬರುತ್ತಿತ್ತು. ಮೊಟ್ಟೆಯಂಥ ಬಿಳಿ ತಲೆಯ ಆ ಜೀವಿಗಳನ್ನು ನೋಡಿ ಎಲ್ಲರೂ ಕಂಪ್ಯೂಟರಿನ ಅನಿಮೇಷನ್ ಅಂದುಕೊಂಡರು. ಅಲ್ಲ, ಬಿಳಿ ಬಟ್ಟೆಯ ಚೀಲದೊಳಗೆ ಇದ್ದದ್ದು ಮನುಷ್ಯರೇ, ಕೇಪ್‌ಟೌನಿನಲ್ಲಿ ಚಿತ್ರೀಕರಣ. ಗುಟ್ಟು ಇದ್ದದ್ದು ಕ್ಯಾಮೆರಾದ ವೇಗದಲ್ಲಿ. ಸಾಮಾನ್ಯವಾಗಿ ಸೆಕೆಂಡಿಗೆ 24 ಅಥವಾ 25 ಫ್ರೇಮು ತೆಗೆಯುವ ಕಡೆ 20 ಫ್ರೇಮು ಮಾತ್ರ ತೆಗೆದರು. ಅದನ್ನು ಮಾಮೂಲಿ ವೇಗದಲ್ಲಿ ಓಡಿಸಿದಾಗ ನಡಿಗೆಯೂ ಕೈಬೀಸೂ ಕೊಂಚ ಚುರುಕಾಗಿ, ಕೊಂಚ ಕತ್ತರಿಸಿದಂತೆ ಕಂಡವು. ಮನುಷ್ಯನ ಚಲನೆಯ ಹಾಗಿದೆ, ಆದರೆ ಪೂರ್ತಿ ಹಾಗಿಲ್ಲ. ಇಂಥ ಸಣ್ಣ ಅಸಹಜತೆಯನ್ನು ಕಣ್ಣು ಬಿಡಲಾರದು. ಮೈಬ್ರಿಜ್ ಓಟವನ್ನು ತುಂಡುಮಾಡಿ ಅಳೆದ ಮೇಲೆ, ಆ ತುಂಡುಗಳನ್ನು ನಾಲ್ಕೈದು ಕಡಿಮೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಿರಿಯ ಸದಸ್ಯರು ಕೆಲವರಿಗೆ 2005ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಳಿಜಾರು ಬೀದಿಗಳಲ್ಲಿ ನಡೆದದ್ದು ನೆನಪಿರಬಹುದು. ಸೋನಿ ಬ್ರಾವಿಯಾ ಟೀವಿಯ ಜಾಹೀರಾತಿಗಾಗಿ ನಿಕೊಲಾಯ್ ಫುಗ್ಲ್‌ಸಿಗ್ ಎಂಬ ಡೆನ್ಮಾರ್ಕಿನ ನಿರ್ದೇಶಕ ಎರಡೂವರೆ ಲಕ್ಷ ಬಣ್ಣದ ಚೆಂಡುಗಳನ್ನು ಬೆಟ್ಟದ ಮೇಲಿಂದ ಸುರಿದ. ಕಂಪ್ಯೂಟರಿನಲ್ಲಿ ಮಾಡಬಹುದಾಗಿತ್ತು, ಮಾಡಲಿಲ್ಲ. ಚೆಂಡುಗಳು ನಮ್ಮತ್ತ ಪುಟಿಯುತ್ತ ಬರುವುದನ್ನು ನಿಧಾನಗತಿಯಲ್ಲಿ, ಮೆಲ್ಲನೆಯ ಗಿಟಾರಿನ ಹಾಡಿನೊಂದಿಗೆ ತೋರಿಸಿದರು. ಮೇಲೆ ಹೇಳಿದ 'ನುಗ್ಗಿ ಬರುವ ವಸ್ತು'ವಿನ ಬಲವನ್ನು ಇಟ್ಟುಕೊಂಡು ಅದರ ಬೆದರಿಕೆಯನ್ನು ಮಾತ್ರ ತೆಗೆದುಹಾಕಿದ ಜಾಣ್ಮೆ ಅದು. ಆ ಉದ್ದದ, ಆ ಸಾವಧಾನದ ಜಾಹೀರಾತಿನ ಕಾಲ ಮುಗಿಯುತ್ತ ಬಂದಿತ್ತು ಎಂಬುದು ಅಂದು ಯಾರಿಗೂ ಹೊಳೆದಿರಲಾರದು.

ಏಕೆಂದರೆ 2010ರ ಡಿಸೆಂಬರಿನಲ್ಲಿ ಯೂಟ್ಯೂಬ್ ನಾಲ್ಕನೆಯ ದಾರಿಯನ್ನು ತಾನಾಗಿಯೇ ತೆರೆಯಿತು. ಐದು ಸೆಕೆಂಡು ನೋಡಿ, ಬೇಡವಾದರೆ ಸ್ಕಿಪ್ ಮಾಡಿ. ಹಿಂದಿನ ಮೂರೂ ದಾರಿಗಳು ಜಾಹೀರಾತುದಾರನ ಇಷ್ಟಕ್ಕೆ ವಿರುದ್ಧವಾಗಿ ಹುಟ್ಟಿದ್ದವು. ಇದು ಅವನ ಒಪ್ಪಿಗೆಯಿಂದಲೇ ಬಂತು. ದಾಟಿಹೋದವನಿಗಾಗಿ ಅವನು ಹಣ ಕೊಡಬೇಕಿಲ್ಲ, ನಿಂತವನಿಗೆ ಮಾತ್ರ ಕೊಟ್ಟರೆ ಸಾಕು. ಹೀಗೆ ಮೊದಲ ಐದು ಸೆಕೆಂಡಿಗೆ ಒಂದು ಬೆಲೆ ಬಂತು, ಅದನ್ನು ಪ್ರತಿ ನೋಡುಗನ ಮಟ್ಟದಲ್ಲಿ ಅಳೆಯುವುದೂ ಸಾಧ್ಯವಾಯಿತು. 2013ರಲ್ಲಿ ಫೇಸ್‌ಬುಕ್ ತನ್ನ ಫೀಡಿನಲ್ಲಿ ವೀಡಿಯೊಗಳು ತಾವಾಗಿಯೇ, ಶಬ್ದವಿಲ್ಲದೆ ಓಡುವಂತೆ ಮಾಡಿತು. ಇದು ಇನ್ನೂ ದೊಡ್ಡ ತಿರುವು. ಹಾಡು, ಮಾತು, ಗಂಟೆ, ಎಲ್ಲದರ ಕೈ ಕಟ್ಟಿಹೋಯಿತು. ಹೆಬ್ಬೆರಳು ಮೇಲಕ್ಕೆ ಸರಿಸುತ್ತಿರುವಾಗ ಇಡೀ ಪರದೆಯೇ ಚಲಿಸುತ್ತಿರುತ್ತದೆ. ಅದರೊಳಗಿನ ಒಂದು ಚೌಕದಲ್ಲಿ ಇನ್ನೊಂದು ಚಲನೆ ಆರಂಭವಾಗಬೇಕು, ಅದೂ ಮೊದಲನೆಯ ಸೆಕೆಂಡಿನಲ್ಲೇ. ಹಾಗಾಗಿ ಕಂಪನಿಯ ಹೆಸರು ಕೊನೆಯಲ್ಲಿ ಬರುವ ಹಳೆಯ ಪದ್ಧತಿ ಹೋಗಿ, ಮೊದಲ ಚೌಕಟ್ಟಿನಲ್ಲೇ ಏನೋ ಚೆಲ್ಲುವುದು, ಒಡೆಯುವುದು, ಬೀಳುವುದು, ಕ್ಯಾಮೆರಾ ಮುಖಕ್ಕೆ ನುಗ್ಗುವುದು ರೂಢಿಯಾಯಿತು. 2016ರಲ್ಲಿ ಯೂಟ್ಯೂಬ್ ದಾಟಲಾಗದ ಆರು ಸೆಕೆಂಡಿನ ಜಾಹೀರಾತನ್ನೂ ತಂದಿತು. ಅಂಥದ್ದರಲ್ಲಿ ಆರಂಭ ಬಿಟ್ಟರೆ ಬೇರೇನೂ ಇರುವುದಿಲ್ಲ.

ಎಲ್ಲರೂ ಹೀಗೆ ಕುಣಿಯತೊಡಗಿದಾಗ, ಏಬ್ರಮ್ಸ್ ಮತ್ತು ಕ್ರೈಸ್ಟ್ ಹೇಳಿದ್ದ ಮಾತಿನ ಇನ್ನೊಂದು ಮುಖ ಹೊರಗೆ ಬಂತು. 2015ರಲ್ಲಿ ವರ್ಜೀನಿಯಾದ ಮಾರ್ಟಿನ್ ಏಜೆನ್ಸಿ ಗೈಕೊ ವಿಮಾ ಕಂಪನಿಗಾಗಿ ಮಾಡಿದ ಯೂಟ್ಯೂಬ್ ಜಾಹೀರಾತಿನಲ್ಲಿ ಒಂದು ಕುಟುಂಬ ಊಟಕ್ಕೆ ಕುಳಿತಿದೆ. ಐದು ಸೆಕೆಂಡಿನೊಳಗೆ ಕಂಪನಿಯ ಮಾತು ಮುಗಿಯುತ್ತದೆ. ಇದನ್ನು ದಾಟಲಾರಿರಿ, ಆಗಲೇ ಮುಗಿದುಹೋಯಿತು ಎಂದು ಧ್ವನಿ ಹೇಳುತ್ತದೆ. ಎಲ್ಲರೂ ಹೇಗಿದ್ದರೋ ಹಾಗೆಯೇ ಕಲ್ಲಾಗುತ್ತಾರೆ. ಚಿತ್ರ ಮಾತ್ರ ನಿಂತಿಲ್ಲ, ನಟರು ನಿಂತಿದ್ದಾರೆ. ಆಗ ಮನೆಯ ದೈತ್ಯ ನಾಯಿ ಮೇಜಿನ ಮೇಲೆ ಹತ್ತಿ ಒಬ್ಬೊಬ್ಬರ ತಟ್ಟೆಯನ್ನೂ ಖಾಲಿ ಮಾಡುತ್ತದೆ. ಯಾರೂ ಕಣ್ಣು ಮಿಟುಕಿಸುವಂತಿಲ್ಲ. ಸ್ಕಿಪ್ ಗುಂಡಿ ಬಂದರೂ ಯಾರು ಒತ್ತುತ್ತಾರೆ? ಅದಕ್ಕೆ ಆ ವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಚಲನಚಿತ್ರ ವಿಭಾಗದ ಅತ್ಯುನ್ನತ ಪ್ರಶಸ್ತಿ ಬಂತು. ಎಲ್ಲರೂ ಓಡುವ ಊರಿನಲ್ಲಿ ನಿಂತವನೇ ಎದ್ದು ಕಾಣುತ್ತಾನೆ.

2021ರ ಐಪಿಎಲ್ ಹೊತ್ತಿಗೆ ಬಂದ ಬೆಂಗಳೂರಿನ ಕ್ರೆಡ್ ಕಂಪನಿಯ ಜಾಹೀರಾತಿನಲ್ಲೂ ಇದೇ ಲೆಕ್ಕಾಚಾರ ಇದೆ. ಆರಂಭದಲ್ಲಿ ನಟ ಜಿಮ್ ಸರ್ಭ್ ತಣ್ಣಗೆ ಮಾತಾಡುತ್ತಾರೆ. ಆಮೇಲೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ರಾಹುಲ್ ದ್ರಾವಿಡ್ ಕೂಗಾಡಿ, ಪಕ್ಕದ ಕಾರಿನ ಕನ್ನಡಿಗೆ ಬ್ಯಾಟು ಬೀಸಿ, ಕಾರಿನ ಮೇಲ್ಛಾವಣಿಯಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸುತ್ತಾರೆ. ಬೇರೆ ಯಾರೇ ಹಾಗೆ ಬ್ಯಾಟು ಬೀಸಿದ್ದರೂ ಅದು ಒಂದು ಮಾಮೂಲಿ ಗಲಾಟೆ. ದ್ರಾವಿಡರು ಬೀಸಿದಾಗ ಮಾತ್ರ ಸುದ್ದಿ, ಏಕೆಂದರೆ ಅಲ್ಲಾಡದೆ ನಿಲ್ಲುವುದಕ್ಕೇ 'ಗೋಡೆ' ಎಂದು ಹೆಸರು ಪಡೆದವರು ಅವರು. ಆ ಜಾಹೀರಾತಿನ ನಿಜವಾದ ನಿಶ್ಚಲ ಹಿನ್ನೆಲೆಯನ್ನು ಜಾಹೀರಾತಿನವರು ತಯಾರಿಸಿದ್ದಲ್ಲ, ಹದಿನಾರು ವರ್ಷ ಟೆಸ್ಟ್ ಆಡಿ ಅವರೇ ತಯಾರಿಸಿಟ್ಟಿದ್ದು.

ಇಷ್ಟು ಹೊತ್ತು ಕುಶಲತೆಯನ್ನು ಮೆಚ್ಚಿಕೊಂಡು ಬಂದಿದ್ದೇನೆ. ಆದರೆ ಈ ಕಥೆಗೆ ಕಹಿ ಬದಿಯೂ ಇದೆ, ಅದನ್ನು ಬಿಟ್ಟರೆ ಚರಿತ್ರೆ ಅರ್ಧವಾದೀತು. 1993ರಲ್ಲಿ ಬ್ರಿಟನ್ನಿನಲ್ಲಿ ಪಾಟ್ ನೂಡಲ್ ಎಂಬ ತಿನಿಸಿನ ಟೀವಿ ಜಾಹೀರಾತಿನ ಮಿನುಗಾಟ ಮೂವರಿಗೆ ಅಪಸ್ಮಾರದ ಸೆಳವು ತಂದಿತು. ಅದರಿಂದ ಅಲ್ಲಿ ನಿಯಮಗಳು ಬಂದವು. ಪ್ರೊಫೆಸರ್ ಗ್ರಹಾಂ ಹಾರ್ಡಿಂಗ್ ಅವರ ಕೆಲಸದ ಆಧಾರದ ಮೇಲೆ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಪರದೆ ಮಿಂಚಬಾರದು ಎಂಬ ಮಿತಿ ನೆಲೆಯಾಯಿತು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತಿನ ಕೆಂಪು-ನೀಲಿ ಮಿಂಚಿನಿಂದ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು. ಅದು ಜಾಹೀರಾತಲ್ಲ ನಿಜ, ಆದರೆ ನುಗ್ಗುವ ಚಿತ್ರ ಮಗುವಿನ ಮೆದುಳಿನ ಮೇಲೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಲೋಕಕ್ಕೆ ತೋರಿಸಿತು. ಇಷ್ಟೆಲ್ಲ ಗೊತ್ತಿದ್ದೂ 2007ರಲ್ಲಿ ಲಂಡನ್ ಒಲಿಂಪಿಕ್ಸಿನ ಹೊಸ ಲಾಂಛನದ ಪ್ರಚಾರ ಚಿತ್ರದ ಒಂದು ತುಣುಕನ್ನು ಅದೇ ಕಾರಣಕ್ಕೆ ಹಿಂತೆಗೆದುಕೊಳ್ಳಬೇಕಾಯಿತು.

ಸೆಳವು ಬರುವುದು ಕೆಲವರಿಗೆ ಮಾತ್ರ. ಎಲ್ಲ ಮಕ್ಕಳಿಗೂ ತಾಗುವ ಸಂಗತಿ ಇನ್ನೊಂದಿದೆ. ಅಮೆರಿಕದ ಎಫ್‌ಸಿಸಿ 1974ರಲ್ಲೇ, ಮಕ್ಕಳ ಕಾರ್ಯಕ್ರಮ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಎಂಬುದು ಮಗುವಿಗೆ ಸ್ಪಷ್ಟವಾಗಿ ಕಾಣಬೇಕು ಎಂದಿತ್ತು. ಚಿಕ್ಕ ಮಕ್ಕಳಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ ಎಂಬ ಕಾರಣಕ್ಕೆ. ಅದರಿಂದಲೇ ಟೀವಿಯಲ್ಲಿ 'ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರುತ್ತೇವೆ' ಎಂಬಂಥ ಚಿಕ್ಕ ಬೇಲಿಗಳು ಬಂದವು. 1990ರ ಕಾಯ್ದೆ ಮಕ್ಕಳ ಕಾರ್ಯಕ್ರಮದ ಗಂಟೆಯೊಂದರಲ್ಲಿ ವಾರಾಂತ್ಯಕ್ಕೆ ಹತ್ತೂವರೆ ನಿಮಿಷ, ವಾರದ ದಿನಗಳಿಗೆ ಹನ್ನೆರಡು ನಿಮಿಷ ಜಾಹೀರಾತು ಎಂದು ಮಿತಿ ಹಾಕಿತು. ಈಗ ಚಲನೆಯಿಂದ ಶುರುವಾಗುವ ಜಾಹೀರಾತಿನ ಇಡೀ ಕಸುಬು ನಿಂತಿರುವುದು ಆ ಬೇಲಿಯನ್ನು ಕಾಣದಂತೆ ಮಾಡುವುದರ ಮೇಲೆ. ಹೆಬ್ಬೆರಳು ಸರಿಸುತ್ತಿರುವ ಹನ್ನೆರಡು ವರ್ಷದ ಹುಡುಗಿಗೆ ಗೆಳತಿಯ ನೃತ್ಯವೂ ಶಾಂಪೂವಿನ ನೃತ್ಯವೂ ಒಂದೇ ರೀತಿ ಶುರುವಾಗಬೇಕು, ಆಗ ಗೆದ್ದಂತೆ. ಮೂಲೆಯಲ್ಲಿ 'ಪ್ರಾಯೋಜಿತ' ಎಂಬ ಚಿಕ್ಕ ಅಕ್ಷರ ಇರುತ್ತದೆ. ಅದು ಮಾತ್ರ ಯಾವತ್ತೂ ಚಲಿಸುವುದಿಲ್ಲ.

ನಮ್ಮ ಮನೆಗಳಲ್ಲಿ ಇದನ್ನು 'ಈಗಿನ ಮಕ್ಕಳಿಗೆ ಏಕಾಗ್ರತೆ ಇಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅದು ಅನ್ಯಾಯ. ಮಗು ತಿರುಗಿ ನೋಡುವುದು ದೌರ್ಬಲ್ಯವಲ್ಲ, ಪಾವ್ಲೋವನ ನಾಯಿಯೂ ಕಾಡಿನ ಜಿಂಕೆಯೂ ಮಾಡಿದ ಆರೋಗ್ಯವಂತ ಕೆಲಸ. ಆ ತಿರುಗುವಿಕೆಯನ್ನು ಲೆಕ್ಕ ಹಾಕಿ ಕೊಳ್ಳುವವರು ಒಂದು ಬದಿಯಲ್ಲಿ, ಹತ್ತು ವರ್ಷದ ಮಗು ಇನ್ನೊಂದು ಬದಿಯ ತುದಿಯಲ್ಲಿ. ತೂಕ ಸಮನಾಗಿಲ್ಲ. ಈ ಅಳತೆಯ ಕೆಲಸ ಮಾಡುವವರು ನಮ್ಮಲ್ಲೇ ಇರುವುದರಿಂದ, ಊಟದ ಮೇಜಿನ ಬಳಿ ಮಕ್ಕಳಿಗೆ ಇದರ ಒಳಗುಟ್ಟನ್ನು ಬಿಡಿಸಿ ಹೇಳಲು ನಮ್ಮಷ್ಟು ಅನುಕೂಲ ಬೇರೆ ಯಾವ ತಂದೆತಾಯಿಗೂ ಇಲ್ಲ. ಒಂದು ಜಾಹೀರಾತನ್ನು ಮಕ್ಕಳ ಜೊತೆ ಕೂತು, ಶಬ್ದ ಆರಿಸಿ, ಮೊದಲು ಅಲುಗಿದ್ದು ಯಾವುದು ಎಂದು ಕೇಳಿ ನೋಡಿ. ಮಕ್ಕಳು ಈ ಆಟದಲ್ಲಿ ನಮ್ಮನ್ನು ಸುಲಭವಾಗಿ ಸೋಲಿಸುತ್ತಾರೆ.

ಹಾಗೆ ಆಡುವಾಗ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಯೂಟ್ಯೂಬಿನ ಆ ಐದು ಸೆಕೆಂಡಿನಲ್ಲಿ ಜಾಹೀರಾತಿನವರು ಕಾರು ಹಾರಿಸಿರುತ್ತಾರೆ, ನೀರು ಚಿಮ್ಮಿಸಿರುತ್ತಾರೆ, ನಾಯಿ ಓಡಿಸಿರುತ್ತಾರೆ. ಆದರೆ ಅನುಭವಸ್ಥ ನೋಡುಗನ ಕಣ್ಣು ಅದಾವುದರ ಮೇಲೂ ಇರುವುದಿಲ್ಲ. ಅದು ಬಲಗಡೆಯ ಕೆಳಮೂಲೆಯ ಪುಟ್ಟ ಪೆಟ್ಟಿಗೆಯ ಮೇಲೆ, ಸೆಕೆಂಡಿಗೊಮ್ಮೆ ಬದಲಾಗುವ ಅಂಕಿಯ ಮೇಲೆ ನೆಟ್ಟಿರುತ್ತದೆ: ಐದು, ನಾಲ್ಕು, ಮೂರು. 1941ರ ಬುಲೋವಾ ಗಡಿಯಾರದ ಮುಳ್ಳಿನ ಹಾಗೆ, ಇಡೀ ಪರದೆಯಲ್ಲಿ ಅದೊಂದನ್ನೇ ಜನ ಎವೆಯಿಕ್ಕದೆ ನೋಡುತ್ತಾರೆ.